ಬ್ಯಾಟರಿ ಪೆಟ್ಟಿಗೆಯ ಗೃಹಪ್ರವೇಶ

ಟ್ಯಾಮರಾಕ್ ಕೌಂಟಿಯ ಕಟ್ಟಡ ಇಲಾಖೆಯ ನಿಯಮಾವಳಿಯಂತೆ ಗೋಡೆ, ಬಾಗಿಲು, ಗಾಳಿಕಿಂಡಿ ಮತ್ತು ಒಳಗೆ ಬಿಸಿಯ ವ್ಯವಸ್ಥೆಯುಳ್ಳ ಯಾವುದೇ ರಚನೆಯು ವಾಸದ ಮನೆಯೆನಿಸಿಕೊಳ್ಳುತ್ತದೆ. ಅದರಲ್ಲಿ ಮನುಷ್ಯರು ಹಿಡಿಸಬೇಕೆಂದು ನಿಯಮಾವಳಿ ಎಲ್ಲಿಯೂ ಹೇಳುವುದಿಲ್ಲ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಇಲ್ಮಾ ಕೊಸ್ಕೆಲಾಗೆ ಇದು ತಿಳಿದಿರಲಿಲ್ಲ. ಕೆರೆಯಂಚಿನ ಅವಳ ಮರದ ಮನೆಗೆ ಕರೆಂಟಿನ ಕಂಬ ಬಂದಿಲ್ಲ. ಸೂರಿನ ಮೇಲೆ ಸೋಲಾರ್ ಹಲಗೆ, ಮಂಚದ ಕೆಳಗೆ ನಾಲ್ಕು ಬ್ಯಾಟರಿ. ಗಂಡ ಟೊಯ್ವೊನ ಶ್ವಾಸಕೋಶವನ್ನು ಕಬ್ಬಿಣದ ಗಣಿ ತಿಂದುಹಾಕಿತ್ತು. ಅವನ ಉಸಿರಾಟದ ಯಂತ್ರ ನಡೆಯುತ್ತಿದ್ದುದು ಈ ಬ್ಯಾಟರಿಗಳಿಂದಲೇ. ಆಗಸ್ಟಿನಲ್ಲಿ ಅವುಗಳಲ್ಲೊಂದು ಹೊಟ್ಟೆ ಉಬ್ಬಿಸಿಕೊಂಡು ಕೆಟ್ಟ ವಾಸನೆ ಬಿಟ್ಟಿತು. ಇಲ್ಮಾ ಅದನ್ನು ಸಲಿಕೆಯ ಮೇಲೆ ಹೊತ್ತೊಯ್ದು ಬಂಡೆಯ ಮೇಲಿಟ್ಟಳು. ಅದು ಸಂಜೆಯವರೆಗೂ ಹೊಗೆಯಾಡಿತು.

ಉಳಿದ ಮೂರು ಬ್ಯಾಟರಿಗಳು ಗಂಡನ ಬೆನ್ನ ಕೆಳಗೆ ಇರಕೂಡದೆಂದು ಅವಳು ಅಂದೇ ತೀರ್ಮಾನಿಸಿದಳು. ಮನೆಯಿಂದ ಇಪ್ಪತ್ತಡಿ ದೂರದಲ್ಲಿ ಕಾಂಕ್ರೀಟು ಹಾಸಿ ತಗಡಿನ ಪೆಟ್ಟಿಗೆ ಕಟ್ಟಿದಳು: ಆರಡಿ ಉದ್ದ, ನಾಲ್ಕಡಿ ಅಗಲ, ಎದೆಮಟ್ಟ ಎತ್ತರ. ಗೋಡೆಯೊಳಗೆ ಬೆಂಕಿ ಹಿಡಿಯದ ಕಲ್ನಾರಿನಂಥ ಹತ್ತಿ, ಇಲಿ ನುಗ್ಗದಂತೆ ಜಾಲರಿ ಬಿಗಿದ ಕಿಂಡಿ. ಚಳಿಗೆ ಹೆಪ್ಪುಗಟ್ಟಿದ ಬ್ಯಾಟರಿಯನ್ನು ಚಾರ್ಜು ಮಾಡಬಾರದಾದ್ದರಿಂದ ಒಂದು ಪುಟ್ಟ ಹೀಟರು. ಕಾನೂನಿಗೆ ಹೆದರುವ ಹೆಂಗಸು. ಅನುಮತಿಗೆ ಅರ್ಜಿಯನ್ನೂ ಹಾಕಿದಳು. ತಪ್ಪಾದದ್ದು ಅಲ್ಲೇ.

ತಪಾಸಣಾಧಿಕಾರಿ ಡೆಲ್ಮರ್ ಸ್ಟೆನ್‌ಬರ್ಗ್ ಬಂದು ಪೆಟ್ಟಿಗೆಯನ್ನು ಮೂರು ಸುತ್ತು ಸುತ್ತಿ, ಒಳಗೆ ತಲೆ ಹಾಕಿ ನೋಡಿದ.

"ಮನೆ ಚೆನ್ನಾಗಿದೆ ಅಮ್ಮಾ. ಆದ್ರೆ ಕಕ್ಕಸು ಕಾಣಿಸ್ತಿಲ್ವಲ್ಲ."

"ಬ್ಯಾಟರಿಗೆ ಯಾಕಪ್ಪಾ ಕಕ್ಕಸು?"

"ಉಪಯೋಗಿಸೋದು ಬಿಡೋದು ಅವುಗಳ ಇಷ್ಟ. ಇದೆಯೋ ಇಲ್ವೋ ಅಂತ ನೋಡೋದಷ್ಟೇ ನನ್ನ ಕೆಲಸ."

ಹೀಟರು ತೆಗೆದರೆ ಅದು ಮನೆಯಲ್ಲ, ಕೊಟ್ಟಿಗೆ ಎಂದು ಅವನೇ ದಾರಿಯನ್ನೂ ತೋರಿಸಿದ. ಹಾಗೆ ಮಾಡಿದರೆ ಚಳಿಗಾಲದಲ್ಲಿ ಬ್ಯಾಟರಿಗಳು ಸಾಯುತ್ತವೆ, ಅದರ ಹಿಂದೆ ಗಂಡನೂ ಹೋಗುತ್ತಾನೆ ಎಂದು ಇಲ್ಮಾ ವಿವರಿಸಿದಳು. ಸ್ಟೆನ್‌ಬರ್ಗ್ ಮರುಗಿದ. ಸಾವು ಬೇರೆ ಇಲಾಖೆಗೆ ಸೇರಿದ್ದೆಂದು ತಿಳಿಸಿದ.

ಮನೆಯ ನಕ್ಷೆಯನ್ನು ಅಂಗೀಕೃತ ನಕ್ಷೆಗಾರನೇ ಬರೆಯಬೇಕಿತ್ತು. ಕೌಂಟಿಯಲ್ಲಿ ಅಂಥವನು ಒಬ್ಬನೇ ಇದ್ದ. ಅವನು ಸ್ಟೆನ್‌ಬರ್ಗನ ಭಾವಮೈದುನನಾಗಿದ್ದುದು ಆಕಸ್ಮಿಕವೆಂದು ಇಲಾಖೆ ಲಿಖಿತವಾಗಿ ದೃಢಪಡಿಸಿತ್ತು. ಅವನು ಮಂಡಿಯೂರಿ ಪೆಟ್ಟಿಗೆಯೊಳಗೆ ಹೋಗಿ, ಕಿಟಕಿ, ಹೊಗೆಯ ಎಚ್ಚರಿಕೆ ಗಂಟೆ, ಅಂಚೆಡಬ್ಬಿ, ಮೂಲೆಯಲ್ಲಿ ಮಕ್ಕಳ ಕಕ್ಕಸು ಇವನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡಿ ಹೊರಬಂದ. ಬ್ಯಾಟರಿಗಳು ಬೆಂಕಿಯ ವೇಳೆ ಓಡಿಹೋಗಲು ಇನ್ನೊಂದು ಬಾಗಿಲನ್ನೂ ಸೇರಿಸಿದ.

ಅಷ್ಟರಲ್ಲಿ ಕೆರೆಯ ಅಂಚು ಹೆಪ್ಪುಗಟ್ಟಿತ್ತು. ಮೇಲ್ಮನವಿ ಸಲ್ಲಿಸುತ್ತೇನೆಂದು ಇಲ್ಮಾ ಹಟ ಹಿಡಿದಳು. ಟೊಯ್ವೊ ಮೂಗಿನ ಕೊಳವೆ ಸರಿಮಾಡಿಕೊಂಡು, "ಅವನು ಹೇಳಿದ್ದನ್ನ ಮಾಡಿಬಿಡು ಇಲ್ಮಾ. ನಂಗೆ ಉಸಿರು ಬೇಕು, ನ್ಯಾಯ ಬೇಡ," ಎಂದ.

ಅವಳು ಎಲ್ಲವನ್ನೂ ಮಾಡಿದಳು. ವಾಸಯೋಗ್ಯ ಪ್ರಮಾಣಪತ್ರ ಬಂತು. ಅದೇ ಲಕೋಟೆಯಲ್ಲಿ ಒಂದು ಸೂಚನೆಯೂ ಇತ್ತು:

"ಒಂದು ನಿವೇಶನಕ್ಕೆ ಒಂದೇ ಮನೆ. ನಿಮ್ಮ ಹಳೆಯ ಕಟ್ಟಡಕ್ಕೆ ಪ್ರಮಾಣಪತ್ರ ಇಲ್ಲದಿರುವುದರಿಂದ ಅದನ್ನು ಕೊಟ್ಟಿಗೆಯೆಂದು ಘೋಷಿಸಲಾಗಿದೆ. ಕೊಟ್ಟಿಗೆಯಲ್ಲಿ ಮಲಗುವುದು ಅಪರಾಧ. ಸುರಕ್ಷತೆಯ ದೃಷ್ಟಿಯಿಂದ ವಾಸದ ಮನೆಯಲ್ಲಿ ಬ್ಯಾಟರಿಗಳನ್ನು ಇಡತಕ್ಕದ್ದಲ್ಲ. ಅವನ್ನು ಕೊಟ್ಟಿಗೆಯಲ್ಲಿಯೇ ಇಡತಕ್ಕದ್ದು."

ಹಾಗಾಗಿ ನವೆಂಬರಿನಲ್ಲಿ ಬ್ಯಾಟರಿಗಳು ಮಲಗುವ ಕೋಣೆಯಲ್ಲೇ ಉಳಿದವು. ಈಗ ಅವಕ್ಕೆ ಸೌದೆ ಒಲೆಯೂ ಅಡುಗೆಮನೆಯೂ ಇದ್ದವು. ದಂಪತಿಗಳು ಪೆಟ್ಟಿಗೆಗೆ ಹೋದರು. ಟೊಯ್ವೊನ ಯಂತ್ರಕ್ಕೆ ಇಪ್ಪತ್ತಡಿಯ ವೈರು ಎಳೆಯಲಾಯಿತು.

ಸ್ಟೆನ್‌ಬರ್ಗ್ ಕಿಟಕಿಯೊಳಗೆ ಕೈ ಹಾಕಿ ಇಬ್ಬರ ಕೈ ಕುಲುಕಿ, ಇಡೀ ಕೌಂಟಿಯಲ್ಲಿ ನಿಯಮಕ್ಕೆ ಇಷ್ಟು ಸರಿಯಾಗಿ ಹೊಂದುವ ಮನೆ ಇನ್ನೊಂದಿಲ್ಲವೆಂದು ಹೊಗಳಿದ. ನೆರೆಯ ಸೀಮಾ ಹಾಟಾಯಾ ಏಲಕ್ಕಿ ಬ್ರೆಡ್ಡು ತಂದುಕೊಟ್ಟು, ಬಗ್ಗಿ ಒಳಗೆ ನೋಡಿ, ಇಷ್ಟು ಪುಟ್ಟ ಮನೆ ಬಿಸಿ ಮಾಡೋದಕ್ಕೆ ಸೌದೆಯೇ ಬೇಡ, ಎಷ್ಟು ಉಳಿಯುತ್ತಲ್ಲ ಎಂದಳು. ಹೋಗುವಾಗ ನಕ್ಷೆಗಾರನ ಫೋನ್ ನಂಬರು ಕೇಳಿ ಬರೆದುಕೊಂಡಳು.

"ಬೆಚ್ಚಗಿದೆ," ಎಂದ ಟೊಯ್ವೊ.

ಇಲ್ಮಾಗೆ ಸಿಟ್ಟು ಬರಬೇಕಿತ್ತು. ಆದರೆ ಎದ್ದು ನಿಲ್ಲದೆ ಸಿಟ್ಟು ಮಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಅವಳು ಮಂಡಿ ಮಡಚಿಕೊಂಡು ಬ್ರೆಡ್ಡು ಕತ್ತರಿಸಿದಳು.