ನಮ್ಮವರೂ ಓವನ್‌ನಲ್ಲಿ ಸುಟ್ಟ ಬ್ರೊಕೊಲಿಯೂ

ದುಃಖ ನಮ್ಮ ಮನೆಗೆ ಯಾವತ್ತೂ ಒಂಟಿಯಾಗಿ ಬಂದದ್ದಿಲ್ಲ. ಬಂದಾಗಲೆಲ್ಲ ಒಂದು ನಗೆಪಾಟಲನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿದೆ. ಅಳುತ್ತ ಕೂತವರು ನಡುವೆ ಸೆರಗು ಬಾಯಿಗಿಟ್ಟುಕೊಂಡು ನಗುವ ಪ್ರಸಂಗ ನಮ್ಮಲ್ಲಿ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ.

ನಮ್ಮವರು ಹೋಗಿ ಎಂಟು ತಿಂಗಳಾಯಿತು. ನಮ್ಮವರೆಂದರೆ ನನ್ನ ಯಜಮಾನರು. ಮದುವೆಯಾದಾಗಿನಿಂದ ಹೆಸರು ಹಿಡಿದು ಕರೆಯದವಳು ಈಗ ಬರೆಯುವುದೂ ಬೇಡ. ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದು, ಕಾತ್ರಜದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತರಾಗಿ ದುಡಿದು, ಕೊಂಢವಾದಲ್ಲಿ ಎರಡು ಕೋಣೆಯ ಮನೆ ಮಾಡಿದರು. ನಿವೃತ್ತಿಯಾದ ವರ್ಷವೇ ಎದೆ ಹಿಡಿದುಕೊಂಡು ಕೂತರು. ಹೃದಯ ಅರ್ಧದಷ್ಟೇ ಕೆಲಸ ಮಾಡುತ್ತಿದೆ, ಮಾತ್ರೆ ಎಷ್ಟು ಮುಖ್ಯವೋ ಪಥ್ಯವೂ ಅಷ್ಟೇ ಮುಖ್ಯ ಎಂದರು ಡಾಕ್ಟರು. ಆಸ್ಪತ್ರೆಯ ಡಯೆಟಿಶಿಯನ್ ಹುಡುಗಿ ಒಂದು ಚಾರ್ಟ್ ಬರೆದುಕೊಟ್ಟಳು. ಅದರಲ್ಲಿ ಮಧ್ಯಾಹ್ನದ ಊಟದ ಜೊತೆಗೆ ದಿನಾ ಒಂದು ಬಟ್ಟಲು ಬ್ರೊಕೊಲಿ, ಓವನ್‌ನಲ್ಲಿ ಸುಟ್ಟದ್ದು, ಎಣ್ಣೆ ಒಂದೇ ಚಮಚ, ಉಪ್ಪು ಹೆಸರಿಗಷ್ಟೇ.

ಚಾರ್ಟಿನಲ್ಲಿ ಇನ್ನೂ ಇಪ್ಪತ್ತು ಸಾಲುಗಳಿದ್ದವು. ನಾನು ಗಟ್ಟಿಯಾಗಿ ಹಿಡಿದುಕೊಂಡದ್ದು ಆ ಒಂದು ಸಾಲನ್ನು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರಲ್ಲ, ನನ್ನ ಹುಲ್ಲುಕಡ್ಡಿ ಹಸಿರು ಬಣ್ಣದ್ದಾಗಿತ್ತು. ಇದನ್ನು ದಿನಾ ತಿನ್ನಿಸಿದರೆ ಇವರು ಉಳಿಯುತ್ತಾರೆ ಎಂದು ನಂಬಿಬಿಟ್ಟೆ.

ಖಾಲಿ ಓವನ್

ಓವನ್ ಮನೆಯಲ್ಲೇ ಇತ್ತು. ಮಗಳು ಒಂದು ದೀಪಾವಳಿಗೆ ತಂದುಕೊಟ್ಟಿದ್ದಳು. ನಮ್ಮಂಥವರ ಮನೆಯಲ್ಲಿ ಓವನ್ ಎಂದರೆ ಗಾಜಿನ ಬಾಗಿಲಿನ ಕಪಾಟು. ಇರುವೆ ಹೋಗುವುದಿಲ್ಲ, ಜಿರಲೆ ಹೋಗುವುದಿಲ್ಲ. ಅದರೊಳಗೆ ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಪ್ಲಾಸ್ಟಿಕ್ ಡಬ್ಬಿ ಇರುತ್ತಿದ್ದವು. ಆಸ್ಪತ್ರೆಯಿಂದ ಬಂದ ದಿನ ಅವರ ಫೈಲನ್ನೂ ಅಲ್ಲೇ ಇಟ್ಟಿದ್ದೆ. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ.

ಖಾಲಿ ಓವನ್ ಅನ್ನು ಮೊದಲು ಹತ್ತು ನಿಮಿಷ ಬಿಸಿ ಮಾಡಬೇಕು ಎಂದು ಚಾರ್ಟಿನಲ್ಲಿತ್ತು. ನಾನು ಎಲ್ಲವನ್ನೂ ಬರೆದಂತೆಯೇ ಮಾಡಿದೆ, 'ಖಾಲಿ' ಅನ್ನುವುದೊಂದನ್ನು ಬಿಟ್ಟು. ಬ್ರೊಕೊಲಿ ಹೆಚ್ಚುತ್ತ ಕೂತಿದ್ದಾಗ ಒಳಕೋಣೆಯಿಂದ ಇವರು ಕೂಗಿದರು.

“ಏನ, ಬ್ರೊಕೊಲಿ ವಾಸನಿ ಹಿಂಗಿರತದೇನು? ಪ್ಲಾಸ್ಟಿಕ್ ಸುಟ್ಟಂಗ ಬರಾಕತ್ತೇದ.”

ಓಡಿಹೋಗಿ ಆರಿಸಿದೆ. ಚಟ್ನಿಯ ಡಬ್ಬಿ ಕರಗಿ ರೊಟ್ಟಿಗೆ ಅಂಟಿಕೊಂಡಿತ್ತು. ಫೈಲಿನ ಕವರು ಮುದುಡಿತ್ತು. ಕಾಗದ ಯಾವುದೂ ಸುಟ್ಟಿರಲಿಲ್ಲ, ಆದರೆ ಇಸಿಜಿ ತೆಗೆದ ಉದ್ದನೆಯ ಪಟ್ಟಿ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಕಾಡಿಗೆಯಂತೆ ಕಪ್ಪಾಗಿತ್ತು. ಆ ಕಾಗದಕ್ಕೆ ಬಿಸಿ ತಾಗಬಾರದಂತೆ, ನನಗೇನು ಗೊತ್ತು. ಗಂಡನ ಎದೆಬಡಿತವನ್ನೇ ಸುಟ್ಟುಬಿಟ್ಟೆನಲ್ಲ ಅನ್ನಿಸಿತು. ಅಪಶಕುನ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಮುಂದಿನ ವಾರ ಡಾಕ್ಟರು ಆ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದೇನು ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ನಮ್ಮವರು ಶುದ್ಧ ಮರಾಠಿಯಲ್ಲಿ ಗಂಭೀರವಾಗಿ ಹೇಳಿದರು: “ಡಾಕ್ಟರ್ ಸಾಹೇಬರೇ, ಬ್ರೊಕೊಲಿ ಇನ್ನೂ ಬಾಯಿಗೆ ಹೋಗಿರಲಿಲ್ಲ, ಇವಳು ಬರೀ ಹೆಚ್ಚುತ್ತಿದ್ದಳು. ಅಷ್ಟಕ್ಕೇ ನನ್ನ ಎದೆ ಹೀಗಾಗಿದೆ.”

ಚಾತುರ್ಮಾಸ

ಆಷಾಢ ಬಂತು. ಚಾತುರ್ಮಾಸದ ವ್ರತ ಹಿಡಿದವರು ಮೊದಲ ತಿಂಗಳು ಕಾಯಿಪಲ್ಯ ಮುಟ್ಟುವುದಿಲ್ಲ. ನನ್ನ ಅತ್ತೆಯವರು ಇರುವತನಕ ಹಿಡಿದಿದ್ದರು. ಅವರ ಮಗ ಒಂದು ವರ್ಷವೂ ಹಿಡಿದವರಲ್ಲ. ಏಕಾದಶಿಯ ದಿನವೂ ಕಾತ್ರಜದ ಗಾಡಿಯ ಮುಂದೆ ನಿಂತು ಮಿರ್ಚಿ ಭಜಿ ತಿಂದು, ಮೀಸೆ ಒರೆಸಿಕೊಂಡು ಮನೆಗೆ ಬರುತ್ತಿದ್ದ ಮನುಷ್ಯ.

ಅಂಥವರು ಆ ವರ್ಷ ಬೆಳಗ್ಗೆ ಸ್ನಾನ ಮಾಡಿ, ಮುದ್ರೆ ಹಚ್ಚಿಕೊಂಡು, ಅಡಿಗೆಮನೆಯ ಬಾಗಿಲಲ್ಲಿ ನಿಂತರು.

“ಈ ವರ್ಷ ನಾ ವ್ರತ ಹಿಡಿಯಾಂವ. ವಯಸ್ಸಾತು, ಇನ್ನರೆ ದೇವರ ನೆನಪಾಗಬೇಕಲ್ಲ.”

“ಹಿಡೀರಿ, ಭಾಳ ಛಲೋ ಆತು,” ಅಂದೆ.

“ಅಂದಮ್ಯಾಲೆ ಒಂದ ತಿಂಗಳ ಬ್ರೊಕೊಲಿ ಬಂದ್.”

ನಾನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು. ಜಗಳ ಆಡದೆ ನೇರವಾಗಿ ಮಠದ ಆಚಾರ್ಯರಿಗೆ ಫೋನ್ ಹಚ್ಚಿ, ಇಬ್ಬರಿಗೂ ಕೇಳುವಂತೆ ನಡುವೆ ಇಟ್ಟೆ. ಎದೆಯ ಸಂಗತಿ, ಬ್ರೊಕೊಲಿಯ ಸಂಗತಿ ಎಲ್ಲ ಹೇಳಿದೆ. ಆಚಾರ್ಯರು ಸಮಾಧಾನದಿಂದ ಕೇಳಿಸಿಕೊಂಡರು.

“ರೋಗಿ ಔಷಧ ಅಂತ ತಿಂದರ ದೋಷ ಇಲ್ರಿ. ಹಾಕ್ರಿ.”

ಇವರು ಫೋನಿಗೆ ಬಾಯಿ ಹಚ್ಚಿದರು. “ಆಚಾರ್ಯರ, ಅದು ಪರದೇಶದ ಕಾಯಿಪಲ್ಯರಿ. ಅವಸರ ಮಾಡಬ್ಯಾಡ್ರಿ, ಇನ್ನೊಮ್ಮೆ ಗ್ರಂಥ ನೋಡಿ ಹೇಳ್ರಿ.”

ಆಚಾರ್ಯರು ದನಿ ತಗ್ಗಿಸಿ ಹೇಳಿದರು. “ನೋಡೇನ್ರಿ. ನನಗೂ ಸಕ್ಕರಿ ಬ್ಯಾನಿ ಅದ. ನಮ್ಮ ಸೊಸಿ ದಿನಾ ಇದನ್ನ ಹಾಕ್ತಾಳ. ಇದ್ದಬಿದ್ದ ಗ್ರಂಥ ಎಲ್ಲಾ ತಿರುವಿ ಹಾಕೇನಿ, ಪಾರಾಗೋ ದಾರಿ ಎಲ್ಲೂ ಬರದಿಲ್ಲ.”

ಆಕಳು

ಅದಾದ ಮೇಲೆ ಇವರು ಸುಮ್ಮನಾದರು. ಬಟ್ಟಲು ತೆಗೆದುಕೊಂಡು ಬಾಲ್ಕನಿಗೆ ಹೋಗಿ ಕೂರುವುದು, ಐದು ನಿಮಿಷಕ್ಕೆ ಖಾಲಿ ಬಟ್ಟಲು ತಂದಿಡುವುದು. ಖಾಲಿ ಬಟ್ಟಲು ಕಂಡರೆ ನನಗೆ ತೀರ್ಥಯಾತ್ರೆ ಮುಗಿಸಿದಷ್ಟು ಸಮಾಧಾನ. ಒಂದೂವರೆ ತಿಂಗಳು ಹೀಗೇ ನಡೆಯಿತು. ಡಯೆಟಿಶಿಯನ್ ಹುಡುಗಿಗೂ ಹೆಮ್ಮೆಯಿಂದ ಹೇಳಿಬಂದೆ. ರಾತ್ರಿ ಮಲಗುವಾಗ ಇವರ ಎದೆ ಏರಿಳಿಯುವುದನ್ನು ನೋಡಿ, ಬಲ ಬರುತ್ತಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನಮ್ಮ ಓಣಿಯ ಕೊನೆಗೆ ದೇವಸ್ಥಾನದ ಮುಂದೆ ಒಬ್ಬ ಹೆಂಗಸು ಆಕಳು ಕಟ್ಟಿಕೊಂಡು ಕೂರುತ್ತಾಳೆ. ಜನ ಅವಳ ಹತ್ತಿರ ಹುಲ್ಲು ಕೊಂಡು ಆಕಳಿಗೆ ಹಾಕಿ ಪುಣ್ಯ ಕಟ್ಟಿಕೊಳ್ಳುತ್ತಾರೆ. ಒಂದು ಸೋಮವಾರ ನಾನು ಕೈಮುಗಿದು ಹೊರಡುತ್ತಿದ್ದಾಗ ಅವಳು ನನ್ನನ್ನು ತಡೆದಳು. ಮುಖದಲ್ಲಿ ಸಿಟ್ಟಿತ್ತು.

“ಕಾಕೂ, ಕಾಕಾನಿಗೆ ಸ್ವಲ್ಪ ಹೇಳಿ,” ಎಂದು ಮರಾಠಿಯಲ್ಲಿ ಶುರು ಮಾಡಿದಳು. ಕಾಕಾ ಎಂದರೆ ನಮ್ಮವರು. ದಿನಾ ಸಂಜೆ ಪೇಪರಿನಲ್ಲಿ ಏನೋ ಹಸಿರು ಸುಟ್ಟದ್ದು ಕಟ್ಟಿಕೊಂಡು ಬರುತ್ತಾರೆ, ಆಕಳಿಗೆ ಹಾಕುತ್ತಾರೆ. ನಾಲ್ಕು ದಿನ ತಿಂತು. ಈಗ ಕಾಕಾ ಓಣಿ ತಿರುಗಿದ್ದು ಕಂಡರೆ ಸಾಕು, ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲುತ್ತದೆ. ಕೊನೆಗೆ ಅವಳು ನನ್ನನ್ನೇ ಕೇಳಿದಳು: “ಗಾಯೀನಂ ಕಾಯ ಪಾಪ ಕೇಲಂ?” ಆಕಳು ಏನು ಪಾಪ ಮಾಡಿದೆ?

ಅಲ್ಲಿ ನಕ್ಕೆ. ಮನೆ ತಲುಪುವಷ್ಟರಲ್ಲಿ ಅಳು ಬಂತು. ಒಂದೂವರೆ ತಿಂಗಳು ನನ್ನ ಧೈರ್ಯವೆಲ್ಲ ಆ ಖಾಲಿ ಬಟ್ಟಲಿನಲ್ಲಿತ್ತು. ಚಪ್ಪಲಿ ಬಿಡದೆ ಬಾಗಿಲಲ್ಲೇ ಕೂತು ಅತ್ತೆ. “ನೀವು ಹೋದರ ನಾ ಏನ ಮಾಡ್ಲಿ? ಇಷ್ಟಾದರೂ ತಿಳಿಬಾರದೇನ್ರಿ ನಿಮಗ?” ಅಂದೆ. ನಾನು ಹೀಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಇವರು ಗಾಬರಿಯಾಗಿ, ಮಧ್ಯಾಹ್ನ ಕಟ್ಟಿಟ್ಟಿದ್ದ ಪೇಪರಿನ ಪೊಟ್ಟಣವನ್ನು ಅಲಮಾರಿಯ ಹಿಂದಿನಿಂದ ತಂದು, ನನ್ನ ಎದುರು ನೆಲದ ಮೇಲೆ ಕೂತು, ಒಂದೊಂದೇ ತಿಂದು ಮುಗಿಸಿದರು. ಕೊನೆಯದನ್ನು ನುಂಗಿ ನೀರು ಕುಡಿದರು.

“ಅಳಬ್ಯಾಡ. ಇನ್ನ ದಿನಾ ನಿನ್ನ ಮುಂದ ಕೂತ ತಿಂತೀನಿ. ಆಕಳ ಒಲ್ಲೆ ಅಂದದ್ದನ್ನ ನಾ ತಿನ್ನಾಕತ್ತೀನಿ ಅಂದರ, ನಿನ್ನ ಮ್ಯಾಲೆ ನನಗ ಎಷ್ಟು ಪ್ರೀತಿ ಅದ ತಿಳಕೊ.”

ಆಸ್ಪತ್ರೆಯ ತಾಟು

ಮಾತಿನಂತೆ ನಡೆದುಕೊಂಡರು. ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಎರಡನೆಯ ವರ್ಷದ ದೀಪಾವಳಿಯ ಹೊತ್ತಿಗೆ ಕಾಲು ಬಾತವು, ಎರಡು ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ಮತ್ತೆ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ನನ್ನ ಮೈದುನನನ್ನು ಹೊರಗೆ ಕರೆದು ಮಾತಾಡಿದರು. ನನ್ನನ್ನು ಕರೆಯಲಿಲ್ಲ, ಅದರಿಂದಲೇ ನನಗೆ ತಿಳಿಯಿತು.

ಮಧ್ಯಾಹ್ನ ಆಸ್ಪತ್ರೆಯ ತಾಟು ಬಂತು. ಬೇಳೆಕಟ್ಟು, ಮೆತ್ತಗಿನ ಅನ್ನ, ಪಕ್ಕದಲ್ಲಿ ನೀರಲ್ಲಿ ಕುದಿಸಿದ ಬ್ರೊಕೊಲಿ. ನಮ್ಮವರು ಒಂದನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ, ತಾಟು ಸರಿಸಿದರು. ನರ್ಸ್ ಬಂದು, ಕಾಕಾ, ಬ್ರೊಕೊಲಿ ಸೇರುವುದಿಲ್ಲವಾ ಎಂದು ಕೇಳಿದಳು. ಉಸಿರಿಗೆ ತಡೆದು ತಡೆದು ಅವಳಿಗೆ ಹೇಳಿದರು: “ಹಾಗೇನಿಲ್ಲ ತಾಯಿ. ಮನೆಯ ಬ್ರೊಕೊಲಿ ತಿಂದು ರೂಢಿಯಾಗಿದೆ. ಹೊರಗಿನದು ನನಗೆ ಒಗ್ಗುವುದಿಲ್ಲ.”

ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಅಡಿಗೆಯನ್ನು ಇನ್ನೊಬ್ಬರ ಮುಂದೆ ಹೊಗಳಿದ್ದು ಅದೊಂದೇ ಸಲ. ಅದೂ ಬ್ರೊಕೊಲಿಗೆ. ಮರುದಿನ ಡಬ್ಬಿ ಕಟ್ಟಿಕೊಂಡು ಹೋದೆ. ನಾಲ್ಕು ತಿಂದರು, ಐದನೆಯದಕ್ಕೆ ಕೈ ಅಡ್ಡ ಹಿಡಿದರು. ಎರಡು ವರ್ಷದಲ್ಲಿ ಅವತ್ತೊಂದೇ ದಿನ ನಾನು ಒತ್ತಾಯ ಮಾಡಲಿಲ್ಲ. ಮರುದಿನ ಬೆಳಗ್ಗೆ ಹೋಗಿಬಿಟ್ಟರು.

ನಾನು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಅದೇ ನರ್ಸ್ ನನ್ನ ಡಬ್ಬಿ ತೊಳೆದು ತಂದುಕೊಟ್ಟಳು. ಅವಳ ಕಣ್ಣೂ ತುಂಬಿತ್ತು. ಉಳಿದದ್ದನ್ನು ನಿನ್ನೆ ಕಾಕಾನೇ ನಮಗೆ ತಿನ್ನಿಸಿದರು, ಚೆನ್ನಾಗಿತ್ತು, ಹೇಗೆ ಮಾಡುತ್ತೀರಿ ಕಾಕೂ, ಎಂದಳು. ಮಾತಿಗೆ ಕೇಳಿದ್ದಳೋ ಏನೋ. ನಾನು ಕೂತಲ್ಲೇ ಎಲ್ಲವನ್ನೂ ಹೇಳಿದೆ. ಇನ್ನೂರು ಡಿಗ್ರಿ, ಇಪ್ಪತ್ತು ನಿಮಿಷ, ಕರಿಮೆಣಸಿನ ಪುಡಿ ಕೊನೆಗೆ. ಮೈದುನ ಸಹಿ ಮಾಡಿಸಬೇಕಾದ ಕಾಗದ ಹಿಡಿದು ಪಕ್ಕದಲ್ಲಿ ಕಾಯುತ್ತ ನಿಂತಿದ್ದ. ತೊಳೆದ ಮೇಲೆ ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು, ಇಲ್ಲದಿದ್ದರೆ ಮೆತ್ತಗಾಗುತ್ತದೆ ಎಂಬುದನ್ನು ಅವಳು ಮರೆತಾಳೆಂದು, ಅವನಿಗೂ ಒಮ್ಮೆ ಹೇಳಿದೆನಂತೆ.

ಹತ್ತನೆಯ ದಿನ

ಹತ್ತನೆಯ ದಿನ ನದಿಯ ಘಾಟಿನಲ್ಲಿ ಪಿಂಡ ಇಟ್ಟೆವು. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿ, ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ. ಪಕ್ಕದಲ್ಲಿ ಅವರಿಗೆ ಸೇರುತ್ತಿದ್ದದ್ದನ್ನೂ ಇಡುವ ಪದ್ಧತಿ ಇಲ್ಲುಂಟು. ಮಗಳು ಬೆಳಗ್ಗೆ ಎದ್ದು ಮಿರ್ಚಿ ಭಜಿ ಕರಿದು ತಂದಿದ್ದಳು. ಎರಡು ವರ್ಷ ನಾನು ಅವರಿಗೆ ಮುಟ್ಟಗೊಡದ ಭಜಿ.

ಕಾಗೆ ಬಂತು. ಅರಳಿಮರದ ಟೊಂಗೆಯ ಮೇಲೆ ಕೂತು ಎಲ್ಲರನ್ನೂ ನೋಡಿತು, ಇಳಿಯಲಿಲ್ಲ. ಅರ್ಧ ಗಂಟೆಯಾಯಿತು. ಕರ್ಮ ಮಾಡಿಸುತ್ತಿದ್ದ ಗುರೂಜಿ, ಏನಾದರೂ ಇಚ್ಛೆ ಉಳಿದಿದ್ದರೆ ಪೂರೈಸುತ್ತೇವೆಂದು ಬಾಯಿಬಿಟ್ಟು ಮಾತು ಕೊಡಿ ಎಂದರು.

ಮೈದುನ ನನ್ನನ್ನು ತೋರಿಸಿ ಕೈಮುಗಿದ. “ಅಣ್ಣಾ, ವೈನಿ ಚಿಂತಿ ಬಿಡು. ನಾ ಇದ್ದೀನಿ.” ಕಾಗೆ ರೆಕ್ಕೆ ಕೆರೆದುಕೊಂಡಿತು.

ಮಗಳು ಅಳುತ್ತ ಹೇಳಿದಳು. “ಅಪ್ಪಾ, ಅಮ್ಮನ್ನ ನಮ್ಮ ಮನಿಗೆ ಕರಕೊಂಡ ಹೋಗ್ತೀನಿ. ಇಬ್ಬರೂ ಕೂಡೇ ಇರತೀವಿ.” ನಾನೂ ಮಗಳೂ ಒಂದೇ ಅಡಿಗೆಮನೆಯಲ್ಲಿ ಎರಡು ದಿನ ಇರಲಾರೆವೆಂದು ನಮ್ಮವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಾಗೆ ಇನ್ನೊಂದು ಟೊಂಗೆ ಹಿಂದಕ್ಕೆ ಸರಿಯಿತು.

ಆಗ ಎಲ್ಲರೂ ನನ್ನನ್ನು ನೋಡಿದರು. ಹತ್ತು ದಿನದಿಂದ ಎದೆಯಲ್ಲಿ ಕುದಿಯುತ್ತಿದ್ದದ್ದು ಒಂದೇ. ಉಳಿಸಿಕೊಳ್ಳುತ್ತೇನೆಂದು ಅವರ ಬಾಯಿ ಕಟ್ಟಿದೆ. ಕೊನೆಯ ಎರಡು ವರ್ಷ ಒಂದು ತುತ್ತನ್ನೂ ಅವರ ಇಷ್ಟದಂತೆ ತಿನ್ನಗೊಡಲಿಲ್ಲ. ಉಳಿಯಲೂ ಇಲ್ಲ. ನಾಲ್ಕು ಭಜಿ ತಿಂದುಕೊಂಡು ಸಂತೋಷವಾಗಿಯಾದರೂ ಹೋಗುತ್ತಿದ್ದರಲ್ಲ.

ಮುಂದೆ ಹೋಗಿ ಕೈಮುಗಿದೆ. “ತಪ್ಪಾತ್ರಿ,” ಅಂದೆ. “ನಿಮ್ಮನ್ನ ಉಳಿಸಿಕೋಬೇಕಂತ ಮಾಡಿದೆ, ನಿಮ್ಮನ್ನ ಕಾಡಬೇಕಂತ ಅಲ್ಲ. ಇನ್ನ ನಮ್ಮ ಮನ್ಯಾಗ ಯಾರಿಗೂ ಬ್ರೊಕೊಲಿ ಹಾಕೂದಿಲ್ಲ…”

ಮಾತು ಮುಗಿಯುವುದರೊಳಗೆ ಕಾಗೆ ಇಳಿದುಬಂತು. ಪಿಂಡಕ್ಕೆ ಒಮ್ಮೆ ಕೊಕ್ಕು ತಾಗಿಸಿ, ನೇರ ಭಜಿಯ ಕಡೆಗೆ ಕುಪ್ಪಳಿಸಿ, ದೊಡ್ಡದೊಂದನ್ನು ಆರಿಸಿ ಕಚ್ಚಿಕೊಂಡಿತು. ಎಲ್ಲರೂ ಕೈಮುಗಿದರು. ನಾನೂ ಮುಗಿದೆ. ಆದರೆ ನನ್ನ ಬಾಯಿಂದ ತಾನಾಗಿಯೇ ಮಾತು ಹೊರಬಿತ್ತು, ಘಾಟಿನ ಆ ತುದಿಗೂ ಕೇಳಿಸುವಷ್ಟು ಜೋರಾಗಿ.

“ಒಂದ ಸಾಕ್ರಿ, ಭಾಳ ಎಣ್ಣಿ ಅದ.”

ಮೊದಲು ಗುರೂಜಿ ನಕ್ಕರು. ಆಮೇಲೆ ಮಗಳು, ಮೈದುನ, ಪಕ್ಕದಲ್ಲಿ ಬೇರೆ ಯಾರದೋ ಕರ್ಮಕ್ಕೆ ಬಂದಿದ್ದವರು ಕೂಡ ನಕ್ಕರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಕಾಗೆ ಟೊಂಗೆಯ ಮೇಲೆ ಕೂತು ಒಂದನ್ನು ತಿಂದು ಮುಗಿಸಿ, ಎರಡನೆಯದಕ್ಕೆ ಇಳಿದುಬಂತು. ನಾನು ಏನೂ ಅನ್ನಲಿಲ್ಲ.