ಮೆದುಳಿನ ಫೋಟೊ, ಯಜಮಾನರ ತೋಳು

೧೯೮೭ರ ಶ್ರಾವಣದ ಒಂದು ಗುರುವಾರ, ಬೆಳಗ್ಗೆ ಹತ್ತು ಗಂಟೆ, ಆಸ್ಪತ್ರೆಯ ಸ್ಕ್ಯಾನ್ ಕೋಣೆ. ಹಾಜರಿದ್ದವರು: ನಿವೃತ್ತ ವಾರ್ಡ್ ಸಿಸ್ಟರ್ ಆದ ನಾನು, ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದ ಕುರುಬರಹಳ್ಳಿಯ ನಿರ್ಮಲಾ. ಗಾಜಿನಾಚೆ ಸ್ಕ್ಯಾನ್ ಯಂತ್ರ ನಡೆಸುವಾತ. ಮತ್ತು ನನ್ನ ಮೆದುಳು. ಕೊನೆಯದು ಪೂರ್ತಿ ಹಾಜರಿತ್ತೇ ಎಂಬುದೇ ಅಂದಿನ ಪ್ರಶ್ನೆ.

ಶಿಸ್ತಿನವರಿಗೆ ಮರೆವು ಬಂದರೆ ಮನೆಯವರಿಗೆ ಒಳಗೊಳಗೇ ಖುಷಿ. ರಾಜಾಜಿನಗರದ ನಮ್ಮ ಮನೆಯಲ್ಲಿ ಟವೆಲ್ ಮಡಿಸುವುದಕ್ಕೂ ನಿಯಮ ಮಾಡಿದವಳು ನಾನು. ಹಿಂದಿನ ವಾರ ಸಿರಿಂಜ್ ಹಿಡಿದು ನಿಂತವಳಿಗೆ, ಯಜಮಾನರಿಗೆ ಬೆಳಗಿನ ಇನ್ಸುಲಿನ್ ಕೊಟ್ಟಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ಅವರನ್ನೇ ಕೇಳಿದೆ. ಅವರಿಗೂ ತಿಳಿಯಲಿಲ್ಲ. ಎರಡು ಸಲವಾದರೆ ಪ್ರಾಣಕ್ಕೇ ಕುತ್ತೆಂದು ಕೊಡದೆ, ದಿನವಿಡೀ ಅವರ ಮುಖ ನೋಡುತ್ತಾ ಕೂತೆ. ಮದುವೆಯಾದ ಹೊಸತರಲ್ಲೂ ಅಷ್ಟು ನೋಡಿರಲಿಲ್ಲ. ಮರೆತವರು ಇಬ್ಬರಾದರೂ ಅನುಮಾನ ಬಿದ್ದದ್ದು ನನ್ನೊಬ್ಬಳ ಮೇಲೆ. ಇನ್ನು ಮೇಲೆ ಸೊಸೆಯೇ ಕೊಡಲಿ ಎಂದು ಅವರು ಬಹಳ ಮೆತ್ತಗೆ ಹೇಳಿದರು. ಆ ತೋಳು ನನಗೆ ಉಳಿದಿದ್ದ ಕೊನೆಯ ವಾರ್ಡು.

ವಯಸ್ಸಾದಂತೆ ಮೆದುಳಿನಲ್ಲಿ ಕಾಣುವ ಬದಲಾವಣೆಗೂ ಮುದುಕರು ದಿನದ ಕೆಲಸ ನಿಭಾಯಿಸುವುದಕ್ಕೂ ಏನು ಸಂಬಂಧ ಎಂಬುದು ನಿರ್ಮಲಾಳ ಸಂಶೋಧನೆ. ಚೆನ್ನಾದ ಫೋಟೊ ಬಂದರೆ ಯಜಮಾನರ ಮುಂದೆ ಹಿಡಿಯಬಹುದೆಂದು ಒಪ್ಪಿಕೊಂಡೆ.

ಹಾಸಿಗೆ ಬಟ್ಟೆಯ ಮೂಲೆ ಸಡಿಲವಾಗಿತ್ತು. ಅದನ್ನು ಬಿಗಿದೇ ಮಲಗಿದೆ. ತಲೆಗೆ ಪಟ್ಟಿ ಕಟ್ಟಿ, ಅಲುಗಾಡಬಾರದೆಂದರು. ಬಿಳಿಯ ಬಳೆಯಂಥ ಯಂತ್ರ ಗುಂಯ್ ಎನ್ನತೊಡಗಿತು. ಆ ಸದ್ದಿನಲ್ಲೇ ತೇಲುತ್ತಾ ನಾನು ಹಳೆಯ ವಾರ್ಡಿಗೆ ಬಂದುಬಿಟ್ಟೆ. ಮಧ್ಯಾಹ್ನದ ಹೊತ್ತು, ಸೊಳ್ಳೆಪರದೆಗಳು ಗಾಳಿಗೆ ಉಬ್ಬಿ ಹಾಯಿಗಳಾಗಿದ್ದವು, ಮಂಚಗಳೆಲ್ಲ ಮೆಲ್ಲಗೆ ಸಾಲು ಬಿಟ್ಟು ಹೊರಟಿದ್ದವು. ಸಾಲು ತಪ್ಪಿದರೂ ನನಗೆ ಸಿಟ್ಟು ಬರಲಿಲ್ಲವೆಂದರೆ ಅದು ಕನಸೇ ಸರಿ. ಅಷ್ಟರಲ್ಲಿ ಯಾರೋ ನೀರು ಕೇಳಿದರು. ನಾನು ಪಟ್ಟಿ ಬಿಚ್ಚಿ ಕಾಲು ಕೆಳಗಿಟ್ಟಿದ್ದೆ.

"ಅಮ್ಮಾ, ಫೋಟೊ ಕೆಟ್ಟೋಯ್ತು," ಎಂದ ಗಾಜಿನಾಚೆಯವನು.

ನೀರು ಕೇಳಿದ್ದು ಕನಸಲ್ಲ. ಹೊರಗೆ ಸ್ಟ್ರೆಚರಿನ ಮೇಲಿದ್ದ ಅಜ್ಜ. ನಿರ್ಮಲಾ ಕೊಟ್ಟು ಬಂದಳು. ಅವರು ನೀರು ಕುಡಿಯಬಹುದೇ ಎಂದು ವಿಚಾರಿಸಿದೆಯಾ ಎಂದೆ. ವಿಚಾರಿಸಿದ್ದಳಂತೆ. ಸಮಾಧಾನವಾಗಿ ಮತ್ತೆ ಮಲಗಿದೆ.

ಮಧ್ಯಾಹ್ನ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಮೆದುಳು ವಯಸ್ಸಿಗೆ ತಕ್ಕಷ್ಟು ಕುಗ್ಗಿದೆಯಂತೆ. ಹಾಗಾದರೆ ಇಂಜೆಕ್ಷನ್ ಕೊಡಬಹುದೋ ಬೇಡವೋ ಎಂದೆ.

"ಅದನ್ನ ಫೋಟೊ ಹೇಳಲ್ಲ ಆಂಟಿ," ಎಂದಳು ನಿರ್ಮಲಾ. "ನೀವು ಕೆಲಸ ಮಾಡೋದು ನೋಡ್ಬೇಕು. ಸಾಯಂಕಾಲ ಮನೆಗೆ ಬರ್ತೀನಿ."

ಬಂದಳು. ಎಷ್ಟೋ ವಿದ್ಯಾರ್ಥಿನಿಯರ ಬೆನ್ನ ಹಿಂದೆ ನಿಂತು ಅವರ ಕೈ ನಡುಗಿಸಿದವಳು ನಾನು. ಅಂದು ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕೈ ತೊಳೆದೆ, ಇನ್ಸುಲಿನ್ ಸೀಸೆಯನ್ನು ಅಂಗೈಗಳ ನಡುವೆ ಉರುಳಿಸಿದೆ, ಅಳತೆ ನೋಡಿದೆ, ಚುಚ್ಚಿದೆ. ಯಜಮಾನರು ಉಸಿರು ಹಿಡಿದಿದ್ದರು, ನೋವಿಗೋ, ಫಲಿತಾಂಶಕ್ಕೋ.

ಇಂಜೆಕ್ಷನ್ ಆದಕೂಡಲೇ ಅಂಕಲ್ ಕ್ಯಾಲೆಂಡರಿನಲ್ಲಿ ಗೀಟು ಹಾಕಲಿ, ಮರೆವಿಗೆ ಅಷ್ಟು ಸಾಕು ಎಂದಳು ನಿರ್ಮಲಾ. ಅವರು ಗೀಟು ಹಾಕಿ ತಿರುಗಿದರು.

"ಸೊಸೆಗೆ ಹಾಕೋಕೆ ಹೇಳೋದು ಬೇಡ ಕಣೇ. ನಾಳೆನೂ ನೀನೇ ಹಾಕು."

ನಾನು ಅಡುಗೆಮನೆಗೆ ಹೋಗಿ ಸಿರಿಂಜ್ ಕುದಿಸಿ, ಸ್ಟೌವ್ ಆರಿಸಿದೆ. ಆರಿಸಿದ್ದನ್ನು ನಿರ್ಮಲಾ ನೋಡಲಿಲ್ಲವೇನೋ ಎಂಬ ಅನುಮಾನ ಬಂತು. ಅವಳನ್ನು ಕರೆದು, ಮತ್ತೆ ಹಚ್ಚಿ, ಮತ್ತೆ ಆರಿಸಿದೆ.