ಎರಡನೇ ಕ್ಯಾಸೆಟ್ಟಿನ ಕೊನೇ ಹಾಡು

ನಮ್ಮ ಬ್ಯಾಂಡಿನ ಮೂವರ ಹಣೆಬರಹದಲ್ಲಿ ಹೆಸರು, ದುಡ್ಡು ಎರಡನ್ನೂ ಬರೆಯಲು ಮರೆತ ದೇವರು, ಉಳಿದ ಜಾಗದಲ್ಲೆಲ್ಲ ಇಂಥ ಪ್ರಸಂಗಗಳನ್ನೇ ತುಂಬಿಸಿಟ್ಟಿದ್ದಾನೆ. ಹಾಡುವುದು ಬಿಟ್ಟ ಮೇಲಾದರೂ ನಿಲ್ಲಬಹುದು ಅಂದುಕೊಂಡಿದ್ದೆವು. ನಿಂತಿಲ್ಲ.

ಫೋನು ಬಂತು

ಮೂವರು ಅಂದರೆ, ಗಿಟಾರು ಬಾರಿಸಿ ಹಾಡುತ್ತಿದ್ದವನು ನಾನು. ಗೌರಿಬಿದನೂರಿನಲ್ಲಿ ಮನೆ, ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ದುಡಿದು ಈಗ ನಿವೃತ್ತ. ಡ್ರಮ್ಮಿಗೆ ಕೂರುತ್ತಿದ್ದವರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಸಾಹೇಬರು. ಮೌತ್ ಆರ್ಗನ್ ಊದುತ್ತಿದ್ದವನು ದಿಬ್ಬೂರಹಳ್ಳಿಯ ರೈತ. ಟೊಮೆಟೊ ಲಾರಿ, ಖಾಲಿ ಬಸ್ ಸ್ಟ್ಯಾಂಡು, ಬಿಟ್ಟು ಹೋದ ಹುಡುಗಿ, ಇಷ್ಟರ ಮೇಲೇ ಹಾಡು ಕಟ್ಟಿ ಮದುವೆಗಳಲ್ಲಿ ಹಾಡುತ್ತಿದ್ದೆವು. ಎರಡು ಕ್ಯಾಸೆಟ್ಟೂ ಮಾಡಿದೆವು. ನೆಂಟರು ಕೊಂಡರು, ಅದೂ ಮುಖ ನೋಡಿ.

ಹೋದ ವರ್ಷ ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ಹಳೇ ಹಾಡುಗಳನ್ನು ಹುಡುಕಿ ಮತ್ತೆ ಹೊರತರುವುದು ಆಕೆಯ ಕೆಲಸವಂತೆ.

"ಸರ್, ನಿಮ್ಮ ಎರಡೂ ಕ್ಯಾಸೆಟ್ ಗುಜರಿ ಅಂಗಡೀಲಿ ಸಿಕ್ತು. ನಿಮ್ದು ತುಂಬಾ ಅಂಡರ್‌ರೇಟೆಡ್ ಕಂಟ್ರಿ ರಾಕ್ ಬ್ಯಾಂಡ್ ಸರ್. ಎರಡನ್ನೂ ದೊಡ್ಡ ಕಪ್ಪು ರೆಕಾರ್ಡ್ ಮಾಡಿ ತರ್ತೀವಿ, ಒಪ್ಪಿಗೆ ಕೊಡಿ."

ನಾವು ಕಂಟ್ರಿ ರಾಕ್ ಅನ್ನುವುದು ನಮಗೆ ಅವತ್ತೇ ಗೊತ್ತಾಗಿದ್ದು. ಅಲ್ಲಿಯವರೆಗೂ ಆರ್ಕೆಸ್ಟ್ರಾ ಅಂದುಕೊಂಡಿದ್ದೆವು. ಸಾಹೇಬರಿಗೆ ಫೋನು ಮಾಡಿ, ಹೀಗೆ, ನಾವು ಅಂಡರ್‌ರೇಟೆಡ್ ಅಂತೆ ಅಂದೆ.

"ಯಾರೂ ರೇಟೇ ಕಟ್ಟಿರ್ಲಿಲ್ವಲ್ಲಪ್ಪ," ಅಂದರು ಸಾಹೇಬರು, "ಇನ್ನು ಅಂಡರ್ ಎಲ್ಲಿಂದ ಬಂತು?"

ಮೂರು ಸಾಕ್ಷಿ

ನನಗೆ ರೇಟಿನ ಚಿಂತೆ ಇರಲಿಲ್ಲ. ಎರಡನೇ ಕ್ಯಾಸೆಟ್ಟಿನ ಕೊನೇ ಹಾಡಿನ ಕೊನೆಯಲ್ಲಿ ನನ್ನ ಹೆಂಡತಿಯ ಧ್ವನಿ ಇದೆ. ನನಗೆ ಬೇಕಾಗಿದ್ದದ್ದು ಅದೊಂದೇ.

ಸ್ಟುಡಿಯೋಕ್ಕೆ ಹೋಗುವ ತಾಕತ್ತಿಲ್ಲದೆ ನಮ್ಮ ಮನೆಯ ಹಾಲಿನಲ್ಲೇ, ಕುರ್ಚಿಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡಿದ್ದೆವು. ಅವಳು ಅಡಿಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹಾಡು ಮುಗಿಯುತ್ತಿದ್ದಂತೆ ಒಳಗಿನಿಂದಲೇ ಏನೋ ಅಂದಳು. ಅದೂ ಟೇಪಿಗೆ ಬಿತ್ತು. ಇನ್ನೊಂದು ಸಲ ಊದುವಷ್ಟು ಉಸಿರು ರೈತನಿಗೆ ಉಳಿದಿರಲಿಲ್ಲ, ಹಾಗೇ ಬಿಟ್ಟೆವು.

ಫೋನಿನಲ್ಲಿ ಧ್ವನಿ ಹಿಡಿದಿಡುವ ಕಾಲ ಬರುವ ಮೊದಲೇ ಅವಳು ತೀರಿಕೊಂಡಳು. ಮುಖಕ್ಕೆ ಫೋಟೋ ಇದೆ, ದಿನಾ ನೋಡುತ್ತೇನೆ. ಧ್ವನಿ ಮಾತ್ರ ವರ್ಷ ವರ್ಷ ದೂರ ಹೋಗುತ್ತಾ ಬಂತು. ಅವಳು ನನ್ನನ್ನು ಕರೆಯುತ್ತಿದ್ದ ರೀತಿಯನ್ನು ಮನಸ್ಸಿನಲ್ಲೇ ಕೂಗಿ ನೋಡಿಕೊಂಡರೆ ನನ್ನ ಧ್ವನಿಯೇ ಬರುತ್ತಿತ್ತು. ಒಂದೇ ಒಂದು ಸಲ ಕೇಳಬೇಕು ಅಂತ ಜೀವ ಹಂಬಲಿಸುತ್ತಿತ್ತು.

ಅವತ್ತು ಅವಳು ಏನಂದಳು ಅನ್ನುವುದೂ ನೆನಪಿರಲಿಲ್ಲ. ಟೀ ಬೇಕಾ ಅಂತ ಕೇಳಿದ್ದಳು ಅಂತ ನನ್ನ ಅಂದಾಜು. "ಭಾಭಿ 'ಹಾಡು ಚೆನ್ನಾಗಿದೆ' ಅಂದ್ರು," ಅಂದರು ಸಾಹೇಬರು. ರೈತ ಒಪ್ಪಲಿಲ್ಲ. "ಅಮ್ಮಯ್ಯ ಯಾವತ್ತು ಚೆನ್ನಾಗಿದೆ ಅಂದಿದ್ರು? 'ಸಾಕು ನಿಲ್ಸಿ' ಅಂದ್ರು. ಅಲ್ಲ ಕಣೋ, ಸಂಸಾರ ಮಾಡ್ದೋನು ನೀನು. ನಿಂಗೇ ನೆನಪಿಲ್ವಾ?"

ಸಾಹೇಬರೇ ನನ್ನ ಪರ ವಹಿಸಿದರು. "ಸಂಸಾರ ಮಾಡ್ದೋನು ಅದಕ್ಕೇ ಕೇಳಿಸ್ಕೊಂಡಿಲ್ಲ. ನಾವು ಹೊರಗ್ನೋರು, ನಮಗೆ ಕೇಳಿಸ್ತು."

ಹಕ್ಕಿಗಳ ಅಭಿಪ್ರಾಯ

ನಿಮ್ಮ ಹತ್ತಿರ ಒಂದೂ ಕ್ಯಾಸೆಟ್ ಉಳಿದಿರಲಿಲ್ಲವೇ ಅಂತ ನೀವು ಕೇಳಬಹುದು. ಮನೆಯಲ್ಲಿದ್ದದ್ದನ್ನು ಯಾರೋ ನೆಂಟರು ಕೇಳಿ ಕೊಡುತ್ತೇವೆ ಅಂತ ಒಯ್ದು, ಕೇಳಿದರೋ ಇಲ್ಲವೋ, ಕೊಡಲಂತೂ ಇಲ್ಲ. ಆದರೆ ಮಾರಾಟವಾಗದ ಕ್ಯಾಸೆಟ್ಟಿನ ಪೆಟ್ಟಿಗೆ ರೈತನ ಮನೆಯ ಅಟ್ಟದ ಮೇಲಿತ್ತು. ಹೆಂಡತಿ ಹೋದ ಮೇಲೆ, ಅದಿದೆಯಲ್ಲ ಅನ್ನುವ ಧೈರ್ಯದಲ್ಲೇ ದಿಬ್ಬೂರಹಳ್ಳಿಗೆ ಹೋದೆ.

ರೈತ ಅಟ್ಟ ಹತ್ತಲಿಲ್ಲ, ನನ್ನನ್ನು ದ್ರಾಕ್ಷಿ ತೋಟಕ್ಕೆ ಕರೆದುಕೊಂಡು ಹೋದ. ಹಕ್ಕಿ ಬೆದರಿಸುವುದಕ್ಕೆ ನಮ್ಮ ಕಡೆ ಟೇಪಿನ ಸುರುಳಿ ಬಿಚ್ಚಿ ಕಂಬದಿಂದ ಕಂಬಕ್ಕೆ ಕಟ್ಟುತ್ತಾರೆ, ಗಾಳಿಗೆ ಗುಯ್ ಅನ್ನುತ್ತದೆ. ತೋಟದ ತುಂಬ ನಮ್ಮ ಎರಡನೇ ಕ್ಯಾಸೆಟ್ಟು ಬಿಸಿಲಿಗೆ ಪಳಪಳ ಹೊಳೆಯುತ್ತಿತ್ತು. ಇವುಗಳಲ್ಲಿ ಯಾವುದರ ಮೇಲೋ ಅವಳಿದ್ದಾಳೆ ಅನ್ನಿಸಿ, ಸಾಲಿನಿಂದ ಸಾಲಿಗೆ ಸುಮ್ಮನೆ ಓಡಾಡಿದೆ. ಬಿಸಿಲಿಗೆ ಟೇಪೆಲ್ಲ ಸುಕ್ಕುಗಟ್ಟಿ, ಮುಟ್ಟಿದರೆ ಮುರಿಯುತ್ತಿತ್ತು.

ರೈತ ಅಳುವಂತಾಗಿದ್ದ. "ತಪ್ಪು ತಿಳ್ಕೋಬೇಡಪ್ಪ, ಯಾರೂ ಕೊಳ್ಳಲ್ವಲ್ಲ ಅಂತ ಕಟ್ಬಿಟ್ಟೆ. ಆದ್ರೂ ಒಂದ್ ಹಕ್ಕಿ ಬಂದಿಲ್ಲ ನೋಡು ಈ ಸಲ."

ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಅವನ ಹೆಂಡತಿ ತಲೆಯೆತ್ತಿ ಅಂದಳು: "ನಿಮ್ಮ ಹಾಡಿಗೆ ಮದುವೆ ಮನೇಲಿ ಊಟ ಬಿಟ್ಟು ಜನಾನೇ ಎದ್ದೋಗ್ತಿದ್ರು. ಹಕ್ಕಿ ಯಾವ ಲೆಕ್ಕ?"

ಶುಚಿಗೊಳಿಸಿದ್ದು

ರೆಕಾರ್ಡು ಅಚ್ಚಿಗೆ ಹೋದ ಮೇಲೆ ಬೆಂಗಳೂರಿನ ಹೆಣ್ಣುಮಗಳು ಸಂತೋಷದಿಂದ ಫೋನು ಮಾಡಿದಳು. "ಸರ್, ನಮ್ಮ ಎಂಜಿನಿಯರ್ ಗಲಾಟೆ ಎಲ್ಲಾ ತೆಗೆದು ಕ್ಲೀನ್ ಮಾಡಿದ್ದಾರೆ. ನಾಯಿ, ಕೋಳಿ, ಬಸ್ಸಿನ ಹಾರ್ನು, ಪ್ರೆಶರ್ ಕುಕ್ಕರು, ಒಂದೂ ಇಲ್ಲ."

ನಾನು ಕೂತಲ್ಲಿಂದ ಎದ್ದು ನಿಂತೆ. "ಅಮ್ಮಾ, ಕೊನೇ ಹಾಡಿನ ಕೊನೇಲಿ ಒಂದು ಹೆಂಗಸಿನ ಮಾತಿತ್ತು..."

"ಹಾಗೇನಾದ್ರೂ ಇದ್ರೆ ತೆಗೆದಿರ್ತಾರೆ ಸರ್, ಯೋಚ್ನೆ ಮಾಡ್ಬೇಡಿ."

ಆ ಹಳೇ ಕ್ಯಾಸೆಟ್ಟನ್ನಾದರೂ ಕೇಳಿಸಮ್ಮ ಅಂದೆ, ಕ್ಲೀನ್ ಮಾಡುವಾಗಲೇ ಅದರ ಟೇಪು ತುಂಡಾಗಿ ಹೋಯಿತಂತೆ. ಮೊಬೈಲಿಗೆ ಏನಾದರೂ ಕಳಿಸಮ್ಮ ಅಂದೆ. ಕಳಿಸಿದಳು, ಪ್ರತಿ ಹಾಡಿನ ಮೊದಲ ತುಣುಕು ಮಾತ್ರ. ನನಗೆ ಬೇಕಾದದ್ದು ಕೊನೆಯಲ್ಲಿ. ಸಾಹೇಬರಿಗೆ ಹೇಳಿಕೊಂಡೆ. ಅವರು ಸಮಾಧಾನ ಹೇಳಿದರು: "ಭಾಭಿಯನ್ನ ಸುಮ್ಮನಿರಿಸೋದು ನಿನ್ ಕೈಲೇ ಆಗ್ಲಿಲ್ಲ. ಎಂಜಿನಿಯರ್ ಕೈಲಿ ಆಗ್ತದಾ?"

ಗೊಂಬೆ

ರೆಕಾರ್ಡು ಬಂತು. ಊಟದ ತಟ್ಟೆಗಿಂತ ದೊಡ್ಡದು, ರಟ್ಟಿನ ಮೇಲೆ ನಮ್ಮ ಮೂವರ ಹಳೇ ಫೋಟೋ. ಹಾಕಿ ಕೇಳುವ ಮೆಷಿನ್ನು ಮಾತ್ರ ಮೂವರಲ್ಲಿ ಒಬ್ಬರ ಮನೆಯಲ್ಲೂ ಇಲ್ಲ.

ಚಿಂತಾಮಣಿಯ ಒಂದು ಬಟ್ಟೆ ಅಂಗಡಿಯಲ್ಲಿ ಇದೆ ಅಂತ ಯಾರೋ ಹೇಳಿದರು. ಮೂವರೂ ಬಸ್ಸು ಹತ್ತಿದೆವು. ಇತ್ತು, ನಿಜ. ಆದರೆ ಅದರ ಮೇಲೆ ಲಂಗ ದಾವಣಿ ಉಟ್ಟ ಗೊಂಬೆಯೊಂದು ನಿಂತು ಶೋಕೇಸಿನಲ್ಲಿ ಗರಗರ ತಿರುಗುತ್ತಿತ್ತು.

"ಇದರ ಸೂಜಿ ಎಲ್ಲಿ?" ಅಂತ ಕೇಳಿದೆ.

"ಅದು ಲಂಗಕ್ಕೆ ಸಿಕ್ಕಾಕ್ಕೊಳ್ತಿತ್ತು, ಕಿತ್ತಾಕಿದ್ವಿ," ಅಂದ ಅಂಗಡಿಯವನು. ನಮ್ಮ ಮುಖ ನೋಡಿ ಪಾಪ ಅನ್ನಿಸಿರಬೇಕು, ರೆಕಾರ್ಡನ್ನು ಇಸಿದುಕೊಂಡು ಗೊಂಬೆಯ ಕಾಲ ಕೆಳಗೆ ಇಟ್ಟು ಸ್ವಿಚ್ಚು ಹಾಕಿದ. "ಎಷ್ಟು ಚೆನ್ನಾಗಿ ತಿರುಗ್ತದೆ ನೋಡಿ."

ರೈತ ಕೈ ಕಟ್ಟಿಕೊಂಡು ನೋಡುತ್ತಾ ನಿಂತ. "ಇರ್ಲಿ ಬಿಡಪ್ಪ. ನಮ್ಮ ಹಾಡಿಗೆ ಇಷ್ಟು ವರ್ಷಕ್ಕೆ ಒಬ್ಬಳಾದ್ರೂ ಕುಣಿದ್ಲು."

ಕಳವಾರ

ಕೊನೆಗೆ ಸಿಕ್ಕಿದ್ದು ಕಳವಾರದಲ್ಲಿ. ಬೆಟ್ಟ ಹತ್ತಲು ಬರುವವರಿಗಾಗಿ ಆ ಊರಿನ ಹೆಂಗಸೊಬ್ಬರು ತಮ್ಮ ಮನೆಯ ಹಜಾರದಲ್ಲೇ ಕಾಫಿ ಅಂಗಡಿ ಇಟ್ಟಿದ್ದಾರೆ. ಅಲ್ಲಿ ಸೂಜಿ ಇರುವ ಮೆಷಿನ್ನಿದೆ. ಚಪ್ಪಲಿ ಹೊರಗೆ ಬಿಟ್ಟು ಚಾಪೆಯ ಮೇಲೆ ಕೂರಬೇಕು. ಬೆಟ್ಟ ಇಳಿದು ಬಂದ ಹುಡುಗ ಹುಡುಗಿಯರು ಸುತ್ತ ಕೂತು ಇಡ್ಲಿ ತಿನ್ನುತ್ತಿದ್ದರು.

"ಯಾವ ಹಾಡು ಹಾಕ್ಲಿ?" ಅಂದರು ಆಕೆ.

"ಕೊನೇದು," ಅಂದೆ.

ಹಾಡು ಶುರುವಾಯಿತು. ನಾಯಿಯಿಲ್ಲ, ಹಾರ್ನಿಲ್ಲ, ಎಂಜಿನಿಯರ್ ಚೆನ್ನಾಗಿಯೇ ಗುಡಿಸಿದ್ದ. ರೈತ ಬೆರಳಿನಲ್ಲಿ ತಾಳ ಹಾಕುತ್ತಿದ್ದ. ಸಾಹೇಬರು ಕಣ್ಣು ಮುಚ್ಚಿದ್ದರು. ನನಗೆ ಹಾಡು ಬೇಕಿರಲಿಲ್ಲ, ಮುಗಿದರೆ ಸಾಕಿತ್ತು. ಹರೆಯದಲ್ಲಿದ್ದ ನನ್ನ ಧ್ವನಿ ಎಳೆದೆಳೆದು ಹಾಡುತ್ತಿತ್ತು, ನೀನಿರದ ಮನೆಯೊಳಗೆ ನಾ ಹೇಗೆ ಇರಲೇ, ಹೇಗೆ ಇರಲೇ ಅಂತ. ಆಗ ಅದನ್ನು ಬರೀ ಪ್ರಾಸಕ್ಕೆ ಬರೆದಿದ್ದೆ. ಇರುವುದು ಹೇಗೆ ಅಂತ ಈಗ ಗೊತ್ತು.

ಹಾಡು ಮುಗಿಯಿತು. ಗಿಟಾರು ನಿಂತಿತು. ಸೂಜಿಯ ಸರಸರ ಸದ್ದು ಮಾತ್ರ ಉಳಿಯಿತು. ಹೋಯಿತು, ತೆಗೆದುಬಿಟ್ಟಿದ್ದಾರೆ ಅಂದುಕೊಂಡೆ.

ಆಗ ಅವಳು ಅಂದಳು, ಅಡಿಗೆಮನೆಯಿಂದ, ಸ್ಪಷ್ಟವಾಗಿ:

"ರೀ, ಹೇಗಿರೋದು ಅಂತ ಆಮೇಲೆ ಯೋಚ್ನೆ ಮಾಡಿ. ಮಿಲ್ ಮುಚ್ಚೋದ್ರೊಳಗೆ ಹೋಗಿ ರಾಗಿ ಬೀಸಿಸ್ಕೊಂಡು ಬನ್ನಿ."

ಹಜಾರ ಪೂರ್ತಿ ನಕ್ಕಿತು. ಹಾಡಿಗೆ ಚಪ್ಪಾಳೆ ತಟ್ಟದವರೆಲ್ಲ ಅವಳಿಗೆ ತಟ್ಟಿದರು. ಇಡ್ಲಿ ತಿನ್ನುತ್ತಿದ್ದ ಹುಡುಗಿಯೊಬ್ಬಳು "ಈ ಆಂಟಿದು ಇನ್ನೂ ಹಾಡುಗಳಿವೆಯಾ?" ಅಂತ ಕೇಳುತ್ತಿದ್ದದ್ದು ನನಗೆ ದೂರದಿಂದ ಕೇಳಿಸಿತು. ದೂರದಿಂದ ಯಾಕೆ ಅಂತ ಗೊತ್ತಾಗಲಿಲ್ಲ.

ಸಾಹೇಬರು ಹಿಂದೆಯೇ ಬಂದರು. ನಾನು ಅಂಗಳ ದಾಟಿ ರಸ್ತೆಗೆ ಬಂದಿದ್ದೆ. ಕಾಲಿನಲ್ಲಿ ಚಪ್ಪಲಿ ಇತ್ತು.

"ಎಲ್ಲಿಗೆ ಹೊರಟೆ?"

"ಮಿಲ್ಲಿಗೆ," ಅಂದೆ.

ಸಾಹೇಬರು ನಗಲಿಲ್ಲ. ನನ್ನ ತೋಳು ಹಿಡಿದು ಮೆಲ್ಲಗೆ ಮನೆಯ ಕಡೆ ತಿರುಗಿಸಿದರು.

"ರಾಗಿ ತರೋದೇ ಮರ್ತಿದ್ದೀಯಲ್ಲಪ್ಪ. ಬಾ ಒಳಗೆ, ಇನ್ನೊಂದ್ಸಲ ಬೈಸ್ಕೊ."